ಬಾಲದ ಕೂದಲಿನ ನಾದಿನಿ

ನನ್ನ ನಾದಿನಿ ಕಳ್ಳಿ. ಹೀಗೆ ಬರೆದರೆ ನಮ್ಮ ಯಜಮಾನರು ಮುಖ ಊದಿಸಿಕೊಳ್ಳುತ್ತಾರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬೇಕಾದರೆ ಬೇಡಕಿಹಾಳಕ್ಕೆ ಬಂದು ಯಾರನ್ನಾದರೂ ಕೇಳಿ. ನಮ್ಮೂರಲ್ಲಿ ಅವಳ ಕೈಗೆ ಸಿಗದೆ ಉಳಿದ ಬಾಲವೇ ಇಲ್ಲ! ಬಂಗಾರ ಕದ್ದಿದ್ದರೆ ಕಳ್ಳಿಗೂ ಒಂದು ಘನತೆ ಇರುತ್ತಿತ್ತು. ಇವಳು ಕದಿಯುವುದು ದನದ ಬಾಲದ ಕೂದಲು. ಅದೂ ಬುಡಸಮೇತ. ಬುಡ ಇಲ್ಲದ ಕೂದಲು ಹಿಡಿದುಕೊಟ್ಟರೆ "ಇದರಾಗ ಏನೂ ಇಲ್ಲ ವೈನಿ" ಎಂದು ನನ್ನ ಕೈಗೇ ವಾಪಸು ಕೊಡುತ್ತಾಳೆ. ನಾನೇನು ಅದನ್ನು ಜಡೆಗೆ ಹೆಣೆದುಕೊಳ್ಳಲೇ?

ಅವಳ ಉದ್ಯೋಗವೇ ಅದು. ದೂರದ ಊರಿನ ಪ್ರಯೋಗಾಲಯವೊಂದರಲ್ಲಿ ಡಿಎನ್‌ಎ ಪ್ರೋಬ್‌ಗಳನ್ನು ರೂಪಿಸುತ್ತಾಳೆ. ಪ್ರೋಬ್ ಅಂದರೇನು ಎಂದು ಮಾತ್ರ ಕೇಳಬೇಡಿ. ನಾನು ಕೇಳಿ ಕೆಟ್ಟೆ. ಮದುವೆಯಾಗಿ ಬಂದ ಹೊಸತರಲ್ಲಿ ಮರ್ಯಾದೆಗೆಂದು ಕೇಳಿದ ಆ ಒಂದು ಪ್ರಶ್ನೆಗೆ ಅವಳು ಇವತ್ತಿನವರೆಗೂ ಉತ್ತರ ಹೇಳುತ್ತಲೇ ಇದ್ದಾಳೆ! ಸಾರಾಂಶ ಇಷ್ಟು: ಪ್ರತಿ ಜೀವದೊಳಗೂ ನಾಲ್ಕೇ ಅಕ್ಷರಗಳಲ್ಲಿ ಬರೆದ ಬಲು ಉದ್ದದ ಬರಹವಿದೆಯಂತೆ. ಅದರ ಒಂದು ತುಣುಕನ್ನು ಹುಡುಕಿ ಹೋಗಿ, ಅದಕ್ಕೆ ಮಾತ್ರ ಅಂಟಿಕೊಳ್ಳುವ ಜೋಡಿ ತುಣುಕೇ ಪ್ರೋಬ್. ಅಂಥ ಸಾವಿರಾರು ತುಣುಕುಗಳನ್ನು ಸಣ್ಣ ಗಾಜಿನ ಪಟ್ಟಿಯ ಮೇಲೆ ಸಾಲುಸಾಲಾಗಿ ಚುಕ್ಕೆಯಿಟ್ಟರೆ ಅದು ಮೈಕ್ರೋಅರೇ. ನಮ್ಮ ಮನೆಯ ಭಾಷೆಯಲ್ಲಿ ಚಿಪ್. ಜೋಡಿ ಸಿಕ್ಕ ಚುಕ್ಕೆ ಮಿನುಗುತ್ತದೆ. ಸಿಗದ ಚುಕ್ಕೆ ಕಪ್ಪಗೆ ಕೂರುತ್ತದೆ.

ಇಷ್ಟನ್ನು ನಮ್ಮ ಅತ್ತೆಗೆ ತಿಳಿಸಬೇಕೆಂದು ಅವಳು ಒಂದು ಮುಂಜಾನೆ ನನ್ನ ಹಣೆಯ ಟಿಕಳಿ ಪಾಕೀಟುಗಳನ್ನೆಲ್ಲ ಒಡೆದು, ಕನ್ನಡಿಯ ತುಂಬ ಟಿಕಳಿ ಅಂಟಿಸಿಟ್ಟಳು. ಕೆಂಪು ಒಂದು ಸಾಲು, ಕಪ್ಪು ಒಂದು ಸಾಲು. ತಲೆ ಬಾಚಲು ಹೋದರೆ ನನ್ನ ಮುಖಕ್ಕೇ ದಡಾರ ಎದ್ದಂತೆ ಕಾಣುತ್ತಿತ್ತು! ಅತ್ತೆ ಎಲ್ಲವನ್ನೂ ಗಂಭೀರವಾಗಿ ಕೇಳಿದರು, ತಲೆದೂಗಿದರು. ಆಮೇಲೆ, ಉಳಿದವನ್ನು ತಾಳೆ ನೋಡಲೆಂದು ಮೂಲೆಯಲ್ಲಿ ಬೇರೆಯಾಗಿ ಅಂಟಿಸಿದ್ದ ಒಂದು ಟಿಕಳಿ ಕಿತ್ತು ಹಣೆಗೆ ಇಟ್ಟುಕೊಂಡು ಗುಡಿಗೆ ಹೊರಟರು.

"ಅವ್ವಾ! ಅದು ಕಂಟ್ರೋಲ್ ಇತ್ತು!" ಎಂದು ಇವಳು ಚೀರಿದಳು.

"ನೀ ಕಂಟ್ರೋಲ್‌ನ್ಯಾಗ ಇದ್ರ ಸಾಕಬೇ" ಎಂದು ಅತ್ತೆ ಚಪ್ಪಲಿ ಮೆಟ್ಟಿಕೊಂಡರು.

ಪ್ರಯೋಗಾಲಯದಲ್ಲೇ ಇದ್ದಿದ್ದರೆ ನಮ್ಮ ಪಾಡಿಗೆ ನಾವಿರುತ್ತಿದ್ದೆವು. ಆದರೆ ದನಗಳ ತಳಿ ನೋಡುವ ಚಿಪ್‌ಗಳನ್ನು ಪರದೇಶದ ದನಗಳ ಮೇಲೆ ಮಾಡಿದ್ದರಿಂದ, ನಮ್ಮ ಕಡೆಯ ಖಿಲಾರಿ ದನಗಳ ಕೂದಲ ಬುಡದಿಂದ ತೆಗೆದ ಬರಹ ಹಾಕಿದರೆ ಎಷ್ಟೋ ಚುಕ್ಕೆಗಳು ಕತ್ತಲಲ್ಲೇ ಉಳಿಯುತ್ತವಂತೆ. "ನಮ್ಮ ದನಕ್ಕ ನಮ್ಮ ಚಿಪ್ ಬೇಕು" ಎಂದು ಹಟ ಹಿಡಿದು, ಚೀಲ ಹೊತ್ತು ತವರಿಗೆ ಬಂದಳು. ಬಂದವಳು ಕಬ್ಬು ಕಡಿಯುವ ಕಾಲದಲ್ಲೇ ಬರಬೇಕೇ! ರಸ್ತೆಯ ತುಂಬ ಕಬ್ಬಿನ ಗಾಡಿಗಳು, ಗಾಡಿಗೆ ಜೋಡಿಜೋಡಿ ಬಿಳಿ ಎತ್ತುಗಳು. ಇವಳಿಗೆ ಅದು ಹಬ್ಬ.

ಹೇರಿದ ಗಾಡಿ ಕಂಡರೆ ಸಾಕು, ಕೈ ಅಡ್ಡ ಹಿಡಿದು ನಿಲ್ಲಿಸುತ್ತಿದ್ದಳು. ಕೊಂಬು ಹಿಡಿಯುವ ಕೆಲಸ ನನ್ನದು. ಎಮ್ಮೆ ಬಂದರೆ ರಸ್ತೆ ದಾಟುವ ಹೆಣ್ಣು ನಾನು! ಒಮ್ಮೆ ಅವಳು ಹಿಂದಿನಿಂದ ಕೂದಲು ಕಿತ್ತಾಗ ಎತ್ತು ಹೌಹಾರಿ ಪಕ್ಕಕ್ಕೆ ಹಾರಿ, ಗಾಡಿ ಅಡ್ಡಲಾಗಿ ನಿಂತು, ನಿಪ್ಪಾಣಿಗೆ ಹೋಗುವ ಬಸ್ಸು, ಹಾಲಿನ ವ್ಯಾನು, ಒಂದು ಮದುವೆಯ ಬ್ಯಾಂಡು ಎಲ್ಲ ಸಾಲಾಗಿ ನಿಂತುಬಿಟ್ಟವು. ಗಾಡಿಯವನು ಮೇಲಿನಿಂದ, "ಅಹೋ ತಾಯಿ, ಕಾಯ್ ಕರ್ತಾಯ್, ಏನ ಮಾಡಾಕತ್ತೀರಿ! ಎತ್ತಿನ ಬಾಲಾ ಬಿಡ್ರಿ, ಬೇಕಾದ್ರ ನನ್ನ ತಲಿಯಾಗಿನೂ ಕಿತ್ಕೋರಿ!" ಎಂದು ಕೂಗಿದ. ಇವಳು ಅವನ ತಲೆಯನ್ನು ಒಮ್ಮೆ ನಿಜವಾಗಿಯೂ ಪರೀಕ್ಷೆ ಮಾಡುವವಳಂತೆ ನೋಡಿ, "ನಿಮ್ಮದು ಬ್ಯಾಡ್ರಿ, ಮನಷ್ಯಾರ ಚಿಪ್ ಬ್ಯಾರೆ ಇರತೈತಿ" ಎಂದಳು. ಬ್ಯಾಂಡಿನವರು ನಿಂತಲ್ಲೇ ಬಾರಿಸತೊಡಗಿದರು.

ಅಂದಿನಿಂದ ಇವಳು ಓಣಿಗೆ ಬಂದರೆ ಜನ ದನಗಳನ್ನು ಒಳಗೆ ಕಟ್ಟತೊಡಗಿದರು.

ಬಾಲದ ಸುದ್ದಿ ಬಿಟ್ಟರೆ ಸುಮ್ಮನಿರುತ್ತಾಳೆಯೇ? ನಮ್ಮ ಸಂಬಂಧಿಕರ ಹುಡುಗಿಯನ್ನು ನೋಡಲು ರಾಯಬಾಗದಿಂದ ಗಂಡಿನವರು ಬಂದಿದ್ದರು. ಹುಡುಗನ ಕಾಕಾ ಉಪ್ಪಿಟ್ಟು ಬಾಯಿಗಿಟ್ಟುಕೊಂಡು, "ನಮ್ಮ ಹುಡುಗ ಭಾಳ ಛಲೋರಿ. ಯಾರ ಸಿಗಲಿ, ಅವ್ರ ಜೋಡಿ ಹೊಂದಕೊಂಡ ಬಿಡ್ತಾನ" ಎಂದರು. ಮೂಲೆಯಲ್ಲಿ ಕೂತಿದ್ದ ನನ್ನ ನಾದಿನಿ ತಲೆ ಎತ್ತಿದಳು.

"ಹಂಗಾದ್ರ ಕಷ್ಟರಿ" ಎಂದಳು. "ಸಿಕ್ಕಸಿಕ್ಕವರಿಗೆಲ್ಲಾ ಅಂಟಕೋಳೂದು ಕೆಟ್ಟ ಪ್ರೋಬ್. ನಾವು ಅಂಥಾದ್ದನ್ನ ಮೊದಲ ತಗದ ಒಗೀತೇವಿ."

ಕಾಕಾ ತಟ್ಟೆ ಕೆಳಗಿಟ್ಟರು. ಬಾಗಿಲ ಹಿಂದಿನಿಂದ ಹುಡುಗಿ ಕಿಸಕ್ಕನೆ ನಕ್ಕಿದ್ದು ಎಲ್ಲರಿಗೂ ಕೇಳಿಸಿತು. ಸಂಬಂಧ ಅಲ್ಲಿಗೆ ಮುಗಿಯಿತು. ಹುಡುಗಿಯ ತಾಯಿ ಇವತ್ತಿಗೂ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಅಂದದ್ದು ಅವಳು, ಮಾತು ಬಿಟ್ಟದ್ದು ನನ್ನೊಡನೆ!

ಊರೆಲ್ಲ ದನ ಅಡಗಿಸುತ್ತಿದ್ದ ಆ ದಿನಗಳಲ್ಲೇ, ಕೆಳಗಿನ ಓಣಿಯ ಮುದುಕನೊಬ್ಬ ತನ್ನ ಆಕಳನ್ನು ತಾನೇ ಹೊಡೆದುಕೊಂಡು ನಮ್ಮ ಬಾಗಿಲಿಗೆ ಬಂದ. ದನ ಮೇಯಿಸಿಕೊಂಡು ಒಬ್ಬನೇ ಇರುವವನು. ಹಗ್ಗ ಹಿಡಿದು ನಿಂತೇ ಇದ್ದ, ಕೂತುಕೊಳ್ಳಲಿಲ್ಲ.

"ಅಕ್ಕಾರ, ಈಕಿ ಯಾರ ಮನಿಯಾಕಿ ಅಂತ ನಿಮ್ಮ ಮಷೀನಿನ್ಯಾಗ ಗೊತ್ತಾಕ್ಕೈತೇನ್ರಿ?"

ಅವನು ಹೇಳಿದ್ದು ಇಷ್ಟು. ಅವನ ಹೆಂಡತಿಯ ತವರು ಕೊಕಟನೂರು. ಮದುವೆಯಲ್ಲಿ ಅವಳ ಹಿಂದೆ ಒಂದು ಆಕಳು ಬಂದಿತ್ತು. ಅದರ ಕರು, ಕರುವಿನ ಕರು ಹೀಗೆ ಆ ಸಂತಾನ ಅವನ ಕೊಟ್ಟಿಗೆಯಲ್ಲೇ ಬೆಳೆದಿತ್ತು. ದೂಧಗಂಗಾ ಉಕ್ಕಿ ಊರಿಗೆ ನುಗ್ಗಿದ ವರ್ಷ ಎಲ್ಲರೂ ದನಗಳ ಹಗ್ಗ ಬಿಚ್ಚಿ ಓಡಿದರು. ಅವನ ಆಕಳೂ ಅದರ ಕರುವೂ ತೇಲಿಹೋದವು. ನೀರು ಇಳಿದ ಮೇಲೆ ದಿಬ್ಬದ ಮೇಲೆ ಎಲ್ಲ ಊರುಗಳ ದನಗಳೂ ಕಲೆತು ನಿಂತಿದ್ದವು. ಹೆಂಡತಿ ಒಂದು ಬಿಳಿ ಕರುವಿನ ಕೊರಳಿಗೆ ಸೆರಗು ಕಟ್ಟಿ, "ಇದು ನಮ್ಮದು" ಎಂದು ಎಳೆದುಕೊಂಡು ಬಂದಳು. ಆ ಕರುವೇ ಈ ಆಕಳು.

"ಎಲ್ಲಾ ಕರಾನೂ ಬೆಳ್ಳಗ ಇದ್ದೂರಿ. ಯಾರ ಮನೀದ ತಂದೀ, ನಮ್ಮನ್ನ ಕಳ್ಳರು ಅಂತಾರ ಅಂತ ನಾ ಆಕಿನ್ನ ಭಾಳ ಬೈದೆ. ಆಕಿ ಒಂದ ಮಾತು, ನಮ್ಮದ ಐತಿ ಅಂತ. ಹೋದ ವರ್ಷ ಆಕಿ ತೀರಿಕೊಂಡ್ಲು. ಇರೂತನಕಾ ನಾ ಹೂಂ ಅನ್ನಲಿಲ್ರಿ."

ನಾನು ನಾದಿನಿಯನ್ನು ಒಳಗೆ ಕರೆದು, "ನಿಮ್ಮದ ಐತಿ ಅಂತ ಅಂದ ಬಿಡವಾ. ಪಾಪ, ಸಮಾಧಾನ ಆಕ್ಕೈತಿ" ಎಂದೆ. ಚಹಾಕ್ಕೆ ಉಪ್ಪು ಹಾಕು ಎಂದಿದ್ದರೂ ಅವಳು ಹಾಗೆ ನೋಡುತ್ತಿರಲಿಲ್ಲ.

"ನೋಡಲಾರದ ಹೆಂಗ ಹೇಳ್ಲಿ ವೈನಿ?"

ತಾಯಿಯಿಂದ ಮಾತ್ರ ಕರುವಿಗೆ ಇಳಿದು ಬರುವ ಬರಹದ ಒಂದು ಭಾಗವಿರುತ್ತದಂತೆ. ಕೊಕಟನೂರಿನಲ್ಲಿ ಅದೇ ಸಂತಾನದ ಆಕಳು ಇನ್ನೂ ಇದ್ದರೆ ತಾಳೆ ನೋಡಬಹುದು. ಸರಿ, ಬಸ್ಸು ಹತ್ತಿದೆವು. ಚಿಕ್ಕೋಡಿಯಲ್ಲಿ ಒಂದು ಬಸ್ಸು, ಅಥಣಿಯಲ್ಲಿ ಇನ್ನೊಂದು. ಕೊಕಟನೂರು ಅಂದಮೇಲೆ ಯಲ್ಲಮ್ಮನ ದರ್ಶನ ಇದ್ದೇ ಇದೆ ಎಂದು ನಾನು ಉಡಿ ತುಂಬುವ ಸಾಮಾನು, ಹೊಸ ಸೀರೆ ಸಮೇತ ಹೊರಟಿದ್ದೆ. ಇವಳು ನನ್ನನ್ನು ನೇರ ಒಯ್ದು ನಿಲ್ಲಿಸಿದ್ದು ಸಗಣಿಯ ನಡುವೆ! ಮುದುಕನ ಹೆಂಡತಿಯ ತಮ್ಮ ವಿಷಯ ಕೇಳಿ, "ನಮ್ಮ ಅಕ್ಕನ ಆಕಳದ ಸಲುವಾಗಿ ಇಷ್ಟ ದೂರ ಬಂದೀರೇನ್ರಿ?" ಎಂದು ಅದೇ ಸಂತಾನದ ಒಂದು ಆಕಳ ಕೊಂಬು ತಾನೇ ಹಿಡಿದ. ಬಸ್ಸಿನ ಹೊತ್ತಾಯಿತು, ಗುಡಿಯ ಶಿಖರಕ್ಕೆ ಕಿಟಕಿಯಿಂದಲೇ ಕೈ ಮುಗಿದೆ.

ಅವಳು ಪ್ರಯೋಗಾಲಯಕ್ಕೆ ಮರಳಿದಳು. ಹೋದರೂ ನನಗೆ ಬಿಡುಗಡೆ ಇಲ್ಲ. ನಾನು ರೊಟ್ಟಿ ಬಡಿಯುವ ಹೊತ್ತಿಗೇ ಫೋನು. ಆ ಎರಡು ಆಕಳುಗಳ ಬರಹದಲ್ಲಿ ಒಂದು ಜಾಗದಲ್ಲಿ ಅಪರೂಪಕ್ಕೆ ಕಾಣುವ ಅಕ್ಷರ ಬಿದ್ದಿದೆಯಂತೆ. ಅದನ್ನು ಖಚಿತ ಮಾಡಿಕೊಳ್ಳಲು ಹೊಸ ಪ್ರೋಬ್ ಮಾಡಿದರೆ ಚುಕ್ಕೆ ಕಪ್ಪಗೇ ಇದೆಯಂತೆ. ಪ್ರೋಬ್ ತನ್ನ ಮೇಲೆ ತಾನೇ ಮಡಚಿಕೊಂಡು ತನಗೇ ಅಂಟಿಕೊಂಡಿದೆಯಂತೆ. ಮತ್ತೆ ಬದಲಾಯಿಸಿದಳಂತೆ. ಈಗ ಉದ್ದ ಹೆಚ್ಚಾಯಿತಂತೆ. ರೊಟ್ಟಿ ಹತ್ತಿ ಕರಕಲಾಗುತ್ತಿತ್ತು.

"ನನಗ್ಯಾಕ ಹೇಳ್ತಿ ಇದನ್ನೆಲ್ಲಾ?" ಎಂದು ಒಮ್ಮೆ ಒದರಿದೆ.

"ಮತ್ಯಾರಿಗೆ ಹೇಳ್ಲಿ ವೈನಿ? ಉಳದವರು ಫೋನ್ ಇಟ್ಟ ಬಿಡ್ತಾರ" ಎಂದಳು. ನಾನು ಒಲೆ ಆರಿಸಿ ಕೂತುಕೊಂಡೆ.

ಹೋಳಿ ಮುಗಿದ ಮೇಲೆ ಒಂದು ದಿನ ಸುದ್ದಿಯಿಲ್ಲದೆ ಬಂದಳು. ಚೀಲವನ್ನು ಕಟ್ಟೆಯ ಮೇಲೆ ಒಗೆದು, ಹಿಟ್ಟಿನ ಕೈಯಲ್ಲಿದ್ದ ನನ್ನನ್ನೂ ಎಳೆದುಕೊಂಡು ಕೆಳಗಿನ ಓಣಿಗೆ ನಡೆದಳು. ಮುದುಕನೆದುರು ಲ್ಯಾಪ್‌ಟಾಪ್ ತೆರೆದು ಪಕ್ಕಪಕ್ಕದಲ್ಲಿ ಎರಡು ಚಿತ್ರ ತೋರಿಸಿದಳು. ಎರಡರಲ್ಲೂ ಒಂದೇ ಜಾಗದಲ್ಲಿ ಒಂದು ಚುಕ್ಕೆ ಮಿನುಗುತ್ತಿತ್ತು. ಈ ಸುತ್ತಮುತ್ತ ಅವಳು ಬಾಲದ ಕೂದಲು ಕಿತ್ತ ಬೇರೆ ಯಾವ ದನದಲ್ಲೂ ಆ ಚುಕ್ಕೆ ಬೆಳಗಲಿಲ್ಲ ಎಂದಳು.

"ಅಂದ್ರ?" ಎಂದ ಮುದುಕ.

"ಕೊಕಟನೂರದ್ದ ಐತ್ರಿ. ನಿಮ್ಮ ಮನೀದ."

ಮುದುಕ ಆ ಚುಕ್ಕೆಯ ಮೇಲೆ ಬೆರಳಿಟ್ಟು ನೋಡಿದ. ಎದ್ದು ಒಳಗೆ ಹೋಗಿ, ಗೋಡೆಯ ಮೇಲಿದ್ದ ಹೆಂಡತಿಯ ಫೋಟೊ ಕೆಳಗಿಳಿಸಿ, ಪಂಜೆಯ ಚುಂಗಿನಿಂದ ಗಾಜು ಒರೆಸಿ, ಕಂಬಕ್ಕೆ ಆನಿಸಿಟ್ಟ.

"ಇದನ್ನ ಆಕಿಗೆ ಹೇಳ್ರಿ ಅಕ್ಕಾರ. ನನ್ನ ಬಾಯಿಂದ ಬರವಲ್ದು."

ನನ್ನ ನಾದಿನಿ ಲ್ಯಾಪ್‌ಟಾಪನ್ನು ಫೋಟೊದ ಕಡೆ ತಿರುಗಿಸಿ, ಅದರೆದುರು ನೆಲಕ್ಕೆ ಕೂತು, ಬರಹ ಅಂದರೇನು, ಪ್ರೋಬ್ ಅಂದರೇನು, ಚುಕ್ಕೆ ಯಾಕೆ ಮಿನುಗುತ್ತದೆ ಎಂದು ಒಂದನ್ನೂ ಬಿಡದೆ ಹೇಳತೊಡಗಿದಳು.

"ಸ್ವಲ್ಪ ಜೋರ ಹೇಳ್ರಿ" ಎಂದ ಮುದುಕ, ಮೆಲ್ಲಗೆ. "ಆಕಿಗೆ ಕಿವಿ ಮಂದ ಅದಾವ."

ಅವಳು ದನಿ ಏರಿಸಿ, ಮೊದಲಿನಿಂದ ಶುರು ಮಾಡಿದಳು.