ಸೀಬೆಮರಕ್ಕೆ ಡಾಬು ತೊಡಿಸಿದ್ದು

ಕ್ಯಾಮೆರಾ ಹಿಡಿಯುವುದಕ್ಕೆ ಬೇಕಾದದ್ದು ಎರಡು ಕೈ, ಒಂದು ಕಣ್ಣು. ನನ್ನ ಹತ್ತಿರ ಕಣ್ಣು ಒಂದು ಹೆಚ್ಚಿಗೆಯೇ ಇತ್ತು. ಅದರ ಮೇಲೆ ಎಸ್ಸೆಸ್ಸೆಲ್ಸಿ ಪಾಸಾಗಿತ್ತು. ಹಾಗಾಗಿ ಅತ್ತೆಯ ಒಡವೆಗಳ ಫೋಟೋ ತೆಗೆಯುವ ಜವಾಬ್ದಾರಿಯನ್ನು ಮೈಮೇಲೆ ಎಳೆದುಕೊಂಡಾಗ ನನಗೆ ಕಿಂಚಿತ್ತೂ ಭಯವಾಗಲಿಲ್ಲ. ಭಯವಾಗಬೇಕಾಗಿದ್ದದ್ದು ಒಡವೆಗಳಿಗೆ.

ಆಗ ನಾನು ಮದುವೆಯಾಗಿ ಮಲ್ಲೇಶ್ವರದಿಂದ ಯಲಹಂಕಕ್ಕೆ ಬಂದು ಏಳು ತಿಂಗಳಾಗಿತ್ತು. ಯಲಹಂಕ ಆಗ ಬೇರೆಯದೇ ಊರು. ಬೆಂಗಳೂರಿಗೆ ಹೋಗುವುದೆಂದರೆ ಬುತ್ತಿ ಕಟ್ಟಿಕೊಂಡು ಹೋಗುವ ಕಾಲ. ನಮ್ಮ ಮಾವನವರಿಗೆ ಅಲ್ಲಾಳಸಂದ್ರದ ಕೆರೆ ಕೆಳಗೆ ಗದ್ದೆ ಇತ್ತು. ನನ್ನ ಯಜಮಾನರು ಯಶವಂತಪುರದ ಒಂದು ಉಗ್ರಾಣದಲ್ಲಿ ಗುಮಾಸ್ತರಾಗಿದ್ದರು. ಅತ್ತೆ ಮುನಿಯಮ್ಮನವರು ಹೆಚ್ಚು ಮಾತಾಡುತ್ತಿರಲಿಲ್ಲ. ನಾನು ಮಾಡಿದ ಸಾರು ಊಟ ಮಾಡಿ ಕೈ ತೊಳೆದುಕೊಳ್ಳುತ್ತಿದ್ದರು. ಚೆನ್ನಾಗಿದೆ ಎಂದೂ ಅನ್ನುತ್ತಿರಲಿಲ್ಲ, ಕೆಟ್ಟಿದೆ ಎಂದೂ ಅನ್ನುತ್ತಿರಲಿಲ್ಲ. ಏಳು ತಿಂಗಳು ಫಲಿತಾಂಶ ಪ್ರಕಟವಾಗದ ಪರೀಕ್ಷೆ ಬರೆದ ಹಾಗಾಗಿತ್ತು ನನ್ನ ಸ್ಥಿತಿ.

ಈ ಅತ್ತೆಯ ಕೈಯಲ್ಲಿ ಒಂದು ವಿದ್ಯೆ ಇತ್ತು. ಗದ್ದೆ ಕೆಲಸ, ಹಟ್ಟಿ ಕೆಲಸ ಮುಗಿಸಿ ಮಧ್ಯಾಹ್ನ ಒಂದು ಗಳಿಗೆ ಪಡಸಾಲೆಯಲ್ಲಿ ಕೂತು ಭತ್ತದ ಕಾಳಿನಿಂದ ಒಡವೆ ಮಾಡುತ್ತಿದ್ದರು. ಕೆಂಪು ಬಟ್ಟೆಯ ಪಟ್ಟಿಯ ಮೇಲೆ ಒಂದೊಂದೇ ಕಾಳು ಜೋಡಿಸಿ ದಾರದಲ್ಲಿ ಹೊಲಿಯುವುದು. ನಡುವೆ ಅರಿಶಿನ, ಕುಂಕುಮದ ಬಣ್ಣ ಹಾಕಿದ ಸೌತೆಬೀಜದ ಹೂವು. ಅದರ ಮೇಲೆ ಜಾಲಿಮರದ ಗೋಂದಿನಿಂದ ಕಾಗೆಬಂಗಾರದ ಮಿನುಗುವ ಚೂರು. ಆ ವರ್ಷ ಮೂರು ತಿಂಗಳು ಕೂತು ಒಂದು ಸೆಟ್ಟು ಮಾಡಿದ್ದರು: ಕತ್ತಿಗೆ ಅಡ್ಡಿಕೆ, ನಡುವಿಗೆ ಡಾಬು, ಜಡೆಬಿಲ್ಲೆ, ಜೊತೆ ಓಲೆ. ಎರಡು ಮಾರು ದೂರದಿಂದ ನೋಡಿದರೆ ಅಕ್ಕಸಾಲಿಗನೇ ಮೋಸಹೋಗಬೇಕು, ಹಾಗಿದ್ದವು.

ಸಂಕ್ರಾಂತಿ ಕಳೆದ ಮೇಲೆ ಬೆಂಗಳೂರು ಪೇಟೆಯ ಒಂದು ಮಹಿಳಾ ಸಮಾಜದವರು ಮಕ್ಕಳ ಆರೋಗ್ಯದ ಬಗ್ಗೆ ಭಾಷಣ ಮಾಡಲು ನಮ್ಮೂರಿಗೆ ಬಂದಿದ್ದರು. ಬಿಸಿಲಿಗೆ ದಣಿದು ನಮ್ಮ ಮನೆಗೆ ಮಜ್ಜಿಗೆ ಕುಡಿಯಲು ಬಂದವರ ಕಣ್ಣಿಗೆ ಗೋಡೆಯ ಗೂಟಕ್ಕೆ ನೇತುಹಾಕಿದ್ದ ಡಾಬು ಬಿತ್ತು. ಆ ಸಮಾಜದ ಕಾರ್ಯದರ್ಶಿ ಲೋಟ ಕೆಳಗಿಟ್ಟು ಎದ್ದೇಬಿಟ್ಟರು. ಮುಂದಿನ ತಿಂಗಳು ತಮ್ಮಲ್ಲಿ ಕೈಕೆಲಸದ ಪ್ರದರ್ಶನವಿದೆ, ಹದಿನೈದು ದಿನದೊಳಗೆ ಇವುಗಳ ಫೋಟೋ ಕಳಿಸಿದರೆ ಸಮಿತಿಯವರಿಗೆ ತೋರಿಸಿ ಒಂದು ಮಳಿಗೆ ಕೊಡಿಸುತ್ತೇನೆ ಎಂದರು. ಅತ್ತೆ, ಅದೆಲ್ಲ ನಮಗ್ಯಾಕೆ ಬಿಡಿ ಎಂದು ಒಳಗೆ ಹೋದರು. ಆದರೆ ಮಾರನೆಯ ದಿನ ನೋಡುತ್ತೇನೆ, ತಮ್ಮ ಮದುವೆಯ ರೇಷ್ಮೆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ನೆರಳಲ್ಲಿ ಹರವಿದ್ದಾರೆ. ಯಾಕೆ ಎಂದು ಕೇಳಿದರೆ ನುಸಿ ಹಿಡಿಯುತ್ತದಲ್ಲ ಎಂದರು.

ನನಗೆ ಅಷ್ಟು ಸಾಕಾಯಿತು. ಈ ಒಂದು ಕೆಲಸ ಮಾಡಿಕೊಟ್ಟರೆ ಏಳು ತಿಂಗಳ ಸಾರಿಗೂ ಸೇರಿಸಿ ಪಾಸಾಗಬಹುದು ಎಂದು ಲೆಕ್ಕ ಹಾಕಿ, ಫೋಟೋ ನಾನೇ ತೆಗೆಯುತ್ತೇನೆ ಎಂದು ಘೋಷಿಸಿದೆ. ಯಜಮಾನರು ಊಟದ ತಟ್ಟೆಯಿಂದ ತಲೆ ಎತ್ತಿ, ಸ್ಟುಡಿಯೋದವರನ್ನೇ ಕರೆಸೋಣ ಎಂದು ಮೆಲ್ಲಗೆ ಸೂಚಿಸಿದರು. ನಾನು ಅವರನ್ನು ನೋಡಿದ ರೀತಿಗೆ ಅವರು ಇನ್ನೊಂದು ಮುದ್ದೆ ಹಾಕಿಸಿಕೊಂಡು ಸುಮ್ಮನಾದರು.

ಮಲ್ಲೇಶ್ವರದಲ್ಲಿ ನನ್ನ ಅಣ್ಣನ ಹತ್ತಿರ ಒಂದು ಡಬ್ಬಿ ಕ್ಯಾಮೆರಾ ಇತ್ತು. ಹೋಗಿ ತಂದೆ. ಅಣ್ಣ ಅರ್ಧ ಗಂಟೆ ಉಪನ್ಯಾಸ ಕೊಟ್ಟ. ಒಂದು ರೀಲಿನಲ್ಲಿ ಎಂಟೇ ಫೋಟೋ. ಒಂದು ತೆಗೆದ ಕೂಡಲೇ ಕೀಲಿ ತಿರುಗಿಸಬೇಕು. ಬಿಸಿಲು ಬೆನ್ನ ಹಿಂದಿರಬೇಕು. ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಮೇಲಿನ ಗಾಜಿನ ಚೌಕದಲ್ಲಿ ನೋಡಬೇಕು. ಮುಖ್ಯವಾಗಿ, ಎಂಟಡಿ ದೂರ ನಿಲ್ಲಬೇಕು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಮನಸ್ಸಿನಲ್ಲಿ ಮಾತ್ರ, ಎಂಟಡಿ ಎನ್ನುವುದು ಮನುಷ್ಯರಿಗೆ ಇರುವ ನಿಯಮ, ಓಲೆ ಇಷ್ಟೇ ಇಷ್ಟಿರುವುದರಿಂದ ಅದಕ್ಕೆ ಎಂಟು ಅಂಗುಲ ಸಾಕು ಎಂದು ತ್ರೈರಾಶಿ ಹಾಕಿಕೊಂಡೆ. ಗಣಿತದಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು.

ಮಂಗಳವಾರ ಬೆಳಿಗ್ಗೆ ಅತ್ತೆ ಮಾವ ಇಬ್ಬರೂ ಗದ್ದೆಗೆ ಹೋದರು. ಹೋಗುವ ಮುಂಚೆ ಅತ್ತೆ ಒಡವೆಯ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಕರಿ ಕಂಬಳಿ ಹಾಸಿ ಅದರ ಮೇಲೆ ಇಡು ಎಂದಿದ್ದರು. ಹಾಸಿ ನೋಡಿದೆ. ಯಾಕೋ ಬಡತನವಾಗಿ ಕಂಡಿತು. ಮನೆ ಹಿಂದೆ ಇಷ್ಟು ಚೆಂದದ ಹಿತ್ತಲಿರುವಾಗ ಕಂಬಳಿಯೇಕೆ? ಡಾಬನ್ನು ಸೀಬೆಮರದ ಕಾಂಡಕ್ಕೆ ಸುತ್ತಿ ಕಟ್ಟಿದೆ. ಮರದ ನಡು ನನ್ನ ನಡುವಿಗಿಂತ ಸಣ್ಣಗಿತ್ತು, ಚೆನ್ನಾಗಿಯೇ ಒಪ್ಪಿತು. ಅಡ್ಡಿಕೆಯನ್ನು ಕೊಂಬೆಗೆ ಇಳಿಬಿಟ್ಟೆ. ಜಡೆಬಿಲ್ಲೆಯನ್ನು ದಂಟಿನಸೊಪ್ಪಿನ ಮಡಿಯಲ್ಲಿ, ಓಲೆಗಳನ್ನು ದಾಸವಾಳದ ಗಿಡದ ಬುಡದಲ್ಲಿ ಇಟ್ಟೆ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಒಂದೇ ಒಂದು ಕೊರತೆ ಕಂಡಿತು. ಮಂಜಿನ ಹನಿ ಇರಲಿಲ್ಲ.

ಬಾವಿಕಟ್ಟೆಯಿಂದ ಒಂದು ಚೊಂಬು ನೀರು ತಂದೆ. ಬೆರಳು ಅದ್ದಿ ಪನ್ನೀರು ಚಿಮುಕಿಸಿದ ಹಾಗೆ ಚಿಮುಕಿಸಿದೆ. ಹನಿ ಸಾಕಷ್ಟು ಕಾಣಲಿಲ್ಲ. ಹಿಡಿಹಿಡಿಯಾಗಿ ಎರಚಿದೆ. ಈಗ ಕಂಡವು. ಮಿರಮಿರ ಹೊಳೆಯುತ್ತಿದ್ದ ಡಾಬಿನ ಹತ್ತಿರ ಎಂಟು ಅಂಗುಲದಲ್ಲಿ ನಿಂತು ಮೊದಲನೆಯ ಫೋಟೋ ತೆಗೆದೆ. ಎರಡನೆಯದು ಅಡ್ಡಿಕೆಯದು. ಮೂರನೆಯದಕ್ಕೆ ಮತ್ತೆ ಡಾಬಿನ ಕಡೆ ತಿರುಗಿ ನೋಡುತ್ತೇನೆ, ಡಾಬು ಅಳುತ್ತಿತ್ತು! ಸೌತೆಬೀಜದ ಕುಂಕುಮವೆಲ್ಲ ಕರಗಿ ಸೀಬೆಮರದ ಮೈಮೇಲೆ ಕೆಂಪಗೆ ಇಳಿಯುತ್ತಿತ್ತು. ಗೋಂದು ಬಿಟ್ಟುಕೊಂಡು ಕಾಗೆಬಂಗಾರವೆಲ್ಲ ಬುಡದಲ್ಲಿದ್ದ ಸಗಣಿಗೊಬ್ಬರದ ಮೇಲೆ ಮಿನುಗುತ್ತಿತ್ತು. ನಮ್ಮ ಹಿತ್ತಲಿನ ಗೊಬ್ಬರ ಅಷ್ಟು ಶ್ರೀಮಂತವಾಗಿ ಕಂಡದ್ದು ಅದೊಂದೇ ದಿನ.

ಬಿಸಿಲಿಗೆ ಒಣಗಿದರೆ ಸರಿಹೋಗುತ್ತದೆ ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡು ಓಲೆಗಳ ಕಡೆ ಬಂದೆ. ಗಾಬರಿಯಲ್ಲಿ ಕೀಲಿ ತಿರುಗಿಸಿದೆನೋ ಇಲ್ಲವೋ ನೆನಪಿಲ್ಲ. ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು ಬಗ್ಗಿ ಚೌಕದೊಳಗೆ ನೋಡಿದೆ. ಕೆಂಪಗೆ ಏನೋ ಅಲ್ಲಾಡಿತು. ದಾಸವಾಳದ ಹೂವು ಎಂದುಕೊಂಡು ಕ್ಲಿಕ್ ಮಾಡಿದೆ. ದಾಸವಾಳ ‘ಕೊಕ್ಕೊಕ್’ ಎಂದಿತು.

ಕೋಳಿಗೆ ಕಾಳು ಯಾವುದು, ಕಲೆ ಯಾವುದು ಎನ್ನುವ ವಿವೇಚನೆ ಇರುವುದಿಲ್ಲ. ನಮ್ಮ ಮನೆಯ ಕೆಂಪು ಜುಟ್ಟಿನ ಹೇಂಟೆ ಒಂದು ಓಲೆಯನ್ನು ಆಗಲೇ ಮುಗಿಸಿ ಎರಡನೆಯದನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ನಿಂತಿತ್ತು. ನಾನು ಕಿರುಚಿದೆ. ಅದು ಓಡಿತು. ಕತ್ತಿಗೆ ಕ್ಯಾಮೆರಾ ನೇತುಹಾಕಿಕೊಂಡು ನಾನೂ ಓಡಿದೆ. ದಂಟಿನ ಮಡಿಯ ಮೂಲಕ ಅದು ಹೋಯಿತು, ನಾನು ಹೋದೆ, ಮತ್ತೆ ಅದು ಬಂತು, ನಾನು ಬಂದೆ. ಓಡುವಾಗ ಕೈ ತಾಗಿ ಎಷ್ಟು ಸಲ ಕೀಲಿ ತಿರುಗಿತೋ, ಎಷ್ಟು ಸಲ ಕ್ಲಿಕ್ ಆಯಿತೋ ದೇವರಿಗೇ ಗೊತ್ತು. ಎರಡನೆಯ ಸುತ್ತಿನಲ್ಲಿ ಕಾಲಿಗೆ ಏನೋ ಗಟ್ಟಿಯಾದದ್ದು ಚುಚ್ಚಿತು. ಜಡೆಬಿಲ್ಲೆ! ಅದು ಅಲ್ಲಿಯವರೆಗೆ ಉಳಿದುಕೊಂಡಿದ್ದ ಒಂದೇ ಒಡವೆ.

ಕೊನೆಗೆ ನನ್ನ ಕೈಗೆ ಸಿಕ್ಕಿದ್ದು ಓಲೆಯ ದಾರ. ಸೀಬೆಮರದ ಕಡೆ ನೋಡಿದರೆ ಉಳಿದ ಮೂರು ಕೋಳಿಗಳು ಡಾಬಿನ ಕೆಳಅಂಚಿನ ಪರಿಶೀಲನೆ ನಡೆಸಿದ್ದವು.

ಅತ್ತೆ ಬರುವ ಹೊತ್ತಾಗಿತ್ತು. ಆಗ ನಾನು ಮಾಡಿದ ಕೆಲಸವನ್ನು ಯಾವ ಓದಿದವರೂ ಮಾಡಲಾರರು. ನೆನೆದ ಡಾಬು, ಅಡ್ಡಿಕೆ, ಚೂರಾದ ಬಿಲ್ಲೆ ಎಲ್ಲವನ್ನೂ ಒಂದು ಒದ್ದೆ ಟವೆಲಿನಲ್ಲಿ ಬಿಗಿಯಾಗಿ ಸುತ್ತಿ ನನ್ನ ತವರಿನ ಟ್ರಂಕಿನ ತಳದಲ್ಲಿಟ್ಟು ಮೇಲೆ ಸೀರೆ ಪೇರಿಸಿದೆ. ಅತ್ತೆ ಬಂದು ಕಾಲು ತೊಳೆದುಕೊಳ್ಳುತ್ತಾ ಹೇಗಾಯಿತು ಎಂದರು. ಒಡವೆ ಎತ್ತಿಟ್ಟಿದ್ದೇನೆ, ಬೆಳಕು ಬಹಳ ಚೆನ್ನಾಗಿತ್ತು ಎಂದೆ. ಅದು ಸುಳ್ಳಲ್ಲ.

ಶುಕ್ರವಾರ ಯಜಮಾನರು, ರೀಲು ತೊಳೆಯಲು ಕೊಟ್ಟಿದ್ದ ಯಶವಂತಪುರದ ಸ್ಟುಡಿಯೋದಿಂದ ಫೋಟೋಗಳ ಲಕೋಟೆ ತಂದರು. ತಾವೇ ಮೊದಲು ನೋಡಿದ್ದರೆಂದು ಕಾಣುತ್ತದೆ, ನನ್ನ ಕೈಗೆ ಕೊಟ್ಟು ದನಕ್ಕೆ ಹುಲ್ಲು ಹಾಕಲು ಹೊರಟುಹೋದರು. ಅವರು ದನಕ್ಕೆ ಹುಲ್ಲು ಹಾಕಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಲಕೋಟೆ ಬಿಚ್ಚಿದೆ. ಒಂದರಲ್ಲಿ ನನ್ನದೇ ನೆರಳು, ತಲೆಯ ಮೇಲೆ ಕೋಳಿ. ಎರಡರಲ್ಲಿ ಆಕಾಶ. ಒಂದರಲ್ಲಿ ನನ್ನ ಹೆಬ್ಬೆರಳು. ಒಂದು ಪೂರ್ತಿ ಕಪ್ಪು. ಉಳಿದ ಮೂರರಲ್ಲಿ, ಎಂಟು ಅಂಗುಲದ ತ್ರೈರಾಶಿಯ ಫಲವಾಗಿ, ಬೆಳ್ಳಗೆ ಉಬ್ಬಿಕೊಂಡ ಹಿಂಜಿದ ಹತ್ತಿಯಂಥದ್ದು ಏನೋ ಇತ್ತು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. ತಿಳಿದವರಿಗೆ ತಿಳಿಯುತ್ತದೆ ಎಂದು ಆ ಮೂರು ಹತ್ತಿಗಳನ್ನು ಆರಿಸಿ, ‘ಈ ಮೂಲಕ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ’ ಎಂದು ಕಾಗದ ಬರೆದು ಅವತ್ತೇ ಅಂಚೆಗೆ ಹಾಕಿದೆ.

ಮಾರನೆಯ ಬೆಳಿಗ್ಗೆ ನಾನು ಒಲೆ ಮುಂದೆ ಇದ್ದಾಗ ಅತ್ತೆ ಕೋಣೆಯಿಂದ ನನ್ನ ಹೆಸರು ಹಿಡಿದು ಕರೆದರು. ಟ್ರಂಕಿನಿಂದ ಎರಡು ದಿನದಿಂದ ಮುಗ್ಗಲು ವಾಸನೆ ಬರುತ್ತಿತ್ತಂತೆ, ಇಲಿ ಸತ್ತಿರಬೇಕೆಂದು ತೆಗೆದಿದ್ದರು. ಹೋಗಿ ನೋಡಿದವಳು ಬಾಗಿಲಲ್ಲೇ ನಿಂತುಬಿಟ್ಟೆ. ಅತ್ತೆಯ ತೊಡೆಯ ಮೇಲೆ ಟವೆಲು ಬಿಚ್ಚಿಕೊಂಡಿತ್ತು. ಅದರೊಳಗೆ ಡಾಬು. ಡಾಬಿನ ತುಂಬ ಬೆಳ್ಳನೆಯ ಮೊಳಕೆ!

ಕರೆದದ್ದು ಕೇಳಿ ಮಾವನೂ ಬಂದರು. ಡಾಬನ್ನು ಬೆಳಕಿಗೆ ಹಿಡಿದು, ಮೊಳಕೆಯನ್ನು ಉಗುರಿನಿಂದ ಮುಟ್ಟಿ, ರೈತನ ಗಾಂಭೀರ್ಯದಿಂದ ನುಡಿದರು: “ಬಿತ್ನೆ ಚೆನ್ನಾಗೈತೆ.”

ಅತ್ತೆ ಅಡ್ಡಿಕೆಯ ಅಂಚನ್ನು ಬೆರಳಿನಿಂದ ಸವರುತ್ತಾ ಕೂತಿದ್ದರು. ಬೈದಿದ್ದರೆ ಎದುರು ಮಾತಾಡಬಹುದಿತ್ತು. “ಮೂರು ತಿಂಗ್ಳು ಕಣವ್ವ” ಎಂದರು, ಅಷ್ಟೇ. ನಾನು ಗೋಡೆಗೆ ಒರಗಿ ಅಳುತ್ತಾ ನೀರು, ಕೋಳಿ, ಸೀಬೆಮರ ಎಲ್ಲವನ್ನೂ ಒಪ್ಪಿಸಿದೆ. ಕೇಳಿಸಿಕೊಂಡು ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

“ಓಗ್ಲಿ ಬಿಡು. ಪೋಟನಾದ್ರೂ ಬಂದ್ವಾ?”

ನನ್ನ ಜೀವನದಲ್ಲಿ ಇದಕ್ಕಿಂತ ಕಷ್ಟದ ಪ್ರಶ್ನೆಯನ್ನು ಯಾವ ಪರೀಕ್ಷೆಯಲ್ಲೂ ಕೇಳಿಲ್ಲ. ಉಳಿದ ಐದನ್ನು ತಂದುಕೊಟ್ಟೆ. ಅತ್ತೆ ಒಂದೊಂದನ್ನೂ ನೆಟ್ಟಗೆ ಹಿಡಿದು, ತಲೆಕೆಳಗೆ ಹಿಡಿದು ನೋಡಿದರು. ಹೆಬ್ಬೆರಳಿನ ಫೋಟೋದ ಹತ್ತಿರ ತಡೆದು, “ಇದ್ಯಾವ ಒಡವೆ?” ಎಂದು ಕೇಳಿದರು.

ಮಾವ ಆ ಡಾಬನ್ನು ದಂಡ ಮಾಡಲಿಲ್ಲ. ಬೇಸಿಗೆ ಬೆಳೆಗೆ ಸಸಿ ಮಾಡುತ್ತಿದ್ದ ಪಾತಿಯ ಮೂಲೆಯಲ್ಲಿ ಅದನ್ನು ಪಟ್ಟಿಯ ಸಮೇತ ಊರಿದರು. ಇಡೀ ಯಲಹಂಕದಲ್ಲಿ ಡಾಬು ಬಿತ್ತಿದ ಮನೆ ನಮ್ಮದೊಂದೇ.

ನಾಲ್ಕು ದಿನದ ಮೇಲೆ ಸಮಾಜದಿಂದ ಕಾಗದ ಬಂತು. ಯಜಮಾನರು ಎಲ್ಲರೆದುರು ಓದಿದರು. ನೀವು ಕಳಿಸಿದ ಮೋಡಗಳ ಚಿತ್ರಗಳು ಸಮಿತಿಯವರಿಗೆ ಹಿಡಿಸಿದವು, ಆದರೆ ನಮ್ಮದು ಕೈಕೆಲಸದ ಪ್ರದರ್ಶನವಾದ್ದರಿಂದ ಒಡವೆಗಳ ಚಿತ್ರ ಇದ್ದರೆ ದಯವಿಟ್ಟು ಕಳಿಸಿ ಎಂದು ಅದರಲ್ಲಿತ್ತು. ಓದುವಾಗ ಯಜಮಾನರ ದನಿ ನಡುಗುತ್ತಿತ್ತು. ದುಃಖದಿಂದಲ್ಲ.

ಅತ್ತೆ ಕಾಗದವನ್ನು ಮಡಿಸಿ ಗೂಡಿನಲ್ಲಿಟ್ಟರು. ಅವತ್ತಿನಿಂದ ಮೂರು ದಿನ ಗದ್ದೆಗೆ ಹೋಗಲಿಲ್ಲ. ಹಗಲೆಲ್ಲ ಪಡಸಾಲೆಯಲ್ಲಿ ಕೂತು ಒಂದು ಸಣ್ಣ ಅಡ್ಡಿಕೆ, ಒಂದು ಜೊತೆ ಓಲೆ ಮಾಡಿದರು. ನನ್ನನ್ನು ಹತ್ತಿರ ಸೇರಿಸಲಿಲ್ಲ, ನಾನೂ ಹೋಗಲಿಲ್ಲ. ನಾಲ್ಕನೆಯ ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು, ಒಡವೆಯನ್ನು ಒಂದು ಡಬ್ಬಿಯಲ್ಲಿಟ್ಟು ಮಡಿಲಲ್ಲಿ ಹಿಡಿದು, “ಬಸ್ಸು ಎಷ್ಟೊತ್ಗೆ? ನಡಿ, ನಿಂಗೆ ದಾರಿ ಗೊತ್ತಲ್ಲ” ಎಂದರು. ದಾರಿ ತೋರಿಸುವುದಷ್ಟೇ ನನಗೆ ಉಳಿದಿದ್ದ ಹುದ್ದೆ. ಅದರಲ್ಲೂ ಒಂದು ನಿಲ್ದಾಣ ಮುಂಚೆ ಇಳಿಸಿದೆ.

ಸಮಿತಿಯವರು ಡಬ್ಬಿ ತೆರೆದು ನೋಡಿ ಮಳಿಗೆ ಕೊಡುವುದಷ್ಟೇ ಅಲ್ಲ, ಪ್ರದರ್ಶನದ ಮೂರು ದಿನವೂ ಜನರೆದುರು ಕೂತು ಮಾಡಿ ತೋರಿಸಬೇಕು ಎಂದು ಅತ್ತೆಯನ್ನು ಕೇಳಿಕೊಂಡರು. ಅತ್ತೆ ಒಪ್ಪಿದರು. ಅಷ್ಟೊಂದು ಕಾಳು ಅಣಿಮಾಡಿ ಕೊಡಲು ಯಾರಾದರೂ ಬೇಕಲ್ಲ ಎಂದು ಕಾರ್ಯದರ್ಶಿ ಕೇಳಿದಾಗ ಅತ್ತೆ ನನ್ನ ಕಡೆ ನೋಡಿದರು. ಆಮೇಲೆ, “ಇವ್ಳು ಕೂತ್ಕಂತಾಳೆ” ಎಂದರು. ನನ್ನ ಕಣ್ಣಲ್ಲಿ ನೀರು ಬಂತು.

ಪ್ರದರ್ಶನದ ಮೊದಲ ದಿನ ಅತ್ತೆಯ ಸುತ್ತ ಜನವೋ ಜನ. ಪಕ್ಕದಲ್ಲಿ ನಾನು, ನನ್ನ ಮುಂದೆ ಎರಡು ಮೊರ. ಗಟ್ಟಿ ಕಾಳು ಎಡಗಡೆಯ ಮೊರಕ್ಕೆ, ಜೊಳ್ಳು ಬಲಗಡೆಯ ಮೊರಕ್ಕೆ. ಒಬ್ಬ ಹೆಂಗಸು ಬಗ್ಗಿ, ನಿಮ್ಮದೇನು ಕೆಲಸ ಎಂದು ಕೇಳಿದಳು. ಆಯ್ಕೆಯ ವಿಭಾಗ ನನ್ನದು ಎಂದು ಗಂಭೀರವಾಗಿ ಉತ್ತರಿಸಿದೆ. ಸಂಜೆಯ ಹೊತ್ತಿಗೆ ಅತ್ತೆ ಕೈ ಚಾಚಿ ನನ್ನ ಎಡಗಡೆಯ ಮೊರದಿಂದ ಒಂದು ಹಿಡಿ ಎತ್ತಿ ಮೆಲ್ಲಗೆ ಊದಿದರು. ನನ್ನ ಗಟ್ಟಿ ಕಾಳೆಲ್ಲ ಹಾರಿಹೋಯಿತು. ಅತ್ತೆ ಎಡಗಡೆಯ ಮೊರವನ್ನು ಬಲಗಡೆಗೆ, ಬಲಗಡೆಯದನ್ನು ಎಡಗಡೆಗೆ ಇಟ್ಟು ಮತ್ತೆ ಸೂಜಿ ಎತ್ತಿಕೊಂಡರು.