ಒಂದು ಸೈಜು ದೊಡ್ಡ ಟಾಯರು

ಸಣ್ಣ ಕಾರಿಗೆ ದೊಡ್ಡ ಟಾಯರು ಹಾಕಿಸಿಕೊಂಡವನ ಜೊತೆ ರಸ್ತೆ ಏನಾದರೊಂದು ಚೇಷ್ಟೆ ಮಾಡುತ್ತಲೇ ಇರುತ್ತದೆ. ನಾನು ಉಮರ್ಗಾದ ಶಾಲೆಯೊಂದರಲ್ಲಿ ಗುಮಾಸ್ತ. ಹೆಂಡತಿ ಉದಗೀರದ ಆಸ್ಪತ್ರೆಯೊಂದರಲ್ಲಿ ನರ್ಸ್. ಎರಡರ ನಡುವೆ ನಿಲಂಗಾ ಎಂಬ ಊರು. ಶನಿವಾರ ಮಧ್ಯಾಹ್ನ ಹೋಗಿ ಭಾನುವಾರ ಸಂಜೆ ಮರಳುವುದಷ್ಟೇ ನಮ್ಮ ಸಂಸಾರ. ಉಳಿದ ದಿನ ಒಬ್ಬನಿಗೇ ಅನ್ನ ಬೇಯಿಸಿಕೊಳ್ಳುವಾಗ ಆಕೆ ಬಹಳ ನೆನಪಾಗುತ್ತಾಳೆ. ಹಾಗಾಗಿ ಈ ಟಾಯರು ನಾನು ಷೋಕಿಗೆ ಹಾಕಿಸಿದ್ದಲ್ಲ.

೧. ಅಪ್ಪನ ಪರೀಕ್ಷೆ

ನನ್ನ ಹಳೆಯ ಕಾರಿನ ಹೊಟ್ಟೆ ಪ್ರತಿ ಸ್ಪೀಡ್ ಬ್ರೇಕರಿಗೂ ಉಜ್ಜುತ್ತಿತ್ತು. ಟಾಯರೂ ಸವೆದಿದ್ದವು. ಉಮರ್ಗಾದ ಟಾಯರ್ ಅಂಗಡಿಗೆ ಹೋದರೆ ಅಲ್ಲಿನ ಶೇಠ ಹೇಳಿದ: “ಕಂಪನಿ ಸೈಜೇ ಯಾಕ ಬೇಕ್ರಿ? ಒಂದ್ ಸೈಜ್ ದೊಡ್ಡದು ಹಾಕ್ರಿ. ಗಾಡಿ ಎತ್ತರ ಆಗ್ತದ, ತಗ್ಗುದಿಣ್ಣಿ ನೋಡದಂಗ ಹೊಡೀಬಹುದು. ಉದಗೀರಕ್ಕ ಲೌಕರ ಮುಟ್ಟತೀರಿ.”

ಬೇಗ ಮುಟ್ಟುತ್ತೀರಿ ಎಂದ ಮೇಲೆ ನಾನು ಬೇರೇನೂ ಕೇಳದೆ ನಾಲ್ಕನ್ನೂ ಹಾಕಿಸಿದೆ.

ಕಾರನ್ನು ನಮ್ಮೂರು ಗುಂಜೋಟಿಗೆ ಒಯ್ದು ಅಪ್ಪನಿಗೆ ತೋರಿಸಿದೆ. ಹೊಲಮನೆ ಮಾಡಿಕೊಂಡಿರುವ ಅಪ್ಪ ನಾಲ್ಕೂ ಟಾಯರಿಗೆ ವಿಭೂತಿ ಹಚ್ಚಿ ಕಾಯಿ ಒಡೆದರು. ಆಮೇಲೆ ದನದ ಸಂತೆಗೆ ಬಂದವರಂತೆ ಕಾರನ್ನು ಒಂದು ಸುತ್ತು ಹಾಕಿ, “ಎತ್ತಿಗಿ ಒಂಟೇದ ಕಾಲು ಹಚ್ಕೊಂಡು ಬಂದೀಯಲ್ಲೋ. ಇದು ಇನ್ನ ಗಾಡಿ ಎಳೀಬೇಕೋ, ಗಿಡದ ತಪ್ಪಲಾ ತಿನ್ನಬೇಕೋ?” ಎಂದರು.

೨. ಅತ್ತೆಯ ಕಾರು ಪ್ರಯಾಣ

ಒಂದು ಶನಿವಾರ ಅಪ್ಪ, ಅವ್ವ, ಸೋದರತ್ತೆ ಮೂವರೂ ಸೊಸೆಯನ್ನು ನೋಡಲು ಹೊರಟರು; ಮುಂದಿನ ಸೀಟಿನ ಮೇಲೆ ಆಕೆಗೆಂದು ಕಟ್ಟಿದ ಜೋಳದ ಚೀಲ. ಹಿಂದಿನ ಸೀಟಿನಲ್ಲಿ ಮೂವರು ಕೂತರೆ ಕಾರು ಕುಗ್ಗುತ್ತದೆ, ಸ್ಪೀಡ್ ಬ್ರೇಕರ್ ಬಂದಾಗ ಟಾಯರು ಮಡ್‌ಗಾರ್ಡಿಗೆ ತಾಗುತ್ತದೆ ಎಂಬುದು ನನಗೆ ಅಂದೇ ಗೊತ್ತಾದದ್ದು. ಮೂವರಲ್ಲಿ ಅತ್ತೆಯೇ ಮೈಕೈ ತುಂಬಿಕೊಂಡವರು. ಸ್ಪೀಡ್ ಬ್ರೇಕರಿನ ದಿಬ್ಬ ಕಂಡ ಕೂಡಲೇ ಅವರನ್ನು ಇಳಿಸುವುದು, ಅವರು ನಡೆದು ಬಂದ ಮೇಲೆ ಆ ಕಡೆ ಮತ್ತೆ ಹತ್ತಿಸಿಕೊಳ್ಳುವುದು, ಹೀಗೆ ನಡೆಯಿತು. ನಮ್ಮ ಕಡೆ ಮನೆಗೊಂದು ದಿಬ್ಬ.

ನಿಲಂಗಾ ಬಂದಾಗ ಅತ್ತೆ ಸೀರೆ ಕೊಡವಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟರು. ಯಾಕೆ ಎಂದು ಕೇಳಿದೆ.

“ನಾ ಬಸ್ಸಿಗಿ ಬರ್ತೀನಪ್ಪಾ. ಕಾರಿನಾಗ ಬಂದ್ರ ನಡದು ನಡದು ಕಾಲು ನೋಯ್ತಾವ.”

೩. ಯಾರ ಮರಿ?

ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಟಾಯರೂ ಉಜ್ಜಿ ಸಣ್ಣಗೆ ಅಳುವಂಥ ಸದ್ದು ಮಾಡುತ್ತಿತ್ತು. ಒಮ್ಮೆ ನಿಲಂಗಾ ದಾಟಿದ ಮೇಲೆ ರಸ್ತೆ ತುಂಬ ಕುರಿ. ಬದಿಗೆ ಸರಿಯಲು ತಿರುಗಿಸಿದೆ. ಸದ್ದು ಬಂತು. ಹೆಗಲ ಮೇಲೆ ಕಂಬಳಿ, ಹಣೆಗೆ ಬೀರಪ್ಪನ ಭಂಡಾರ ಹಚ್ಚಿದ್ದ ಮುದುಕ ಕೋಲು ಅಡ್ಡ ಹಿಡಿದ.

“ನಿಂದರ್ರಿ. ಗಾಡಿ ಬುಡಕ ಮರಿ ಸಿಕ್ಕೊಂಡದ.”

ಟಾಯರಿನ ಸದ್ದು ಅಜ್ಜಾ ಎಂದರೆ ನಂಬಲಿಲ್ಲ. ಬಗ್ಗಿ ನೋಡಿದ. ಆಮೇಲೆ ಇಡೀ ಹಿಂಡನ್ನು ಎಣಿಸತೊಡಗಿದ. ಕುರಿಗಳು ನಿಂತಲ್ಲಿ ನಿಲ್ಲಬೇಕಲ್ಲ, ಮತ್ತೆ ಮೊದಲಿನಿಂದ ಎಣಿಸಿದ. ಅಲ್ಲಿ ಉದಗೀರದಲ್ಲಿ ಹೆಂಡತಿ ರೊಟ್ಟಿ ಬಡಿದು ಕಾಯುತ್ತಿದ್ದಳು, ಇಲ್ಲಿ ನನ್ನ ಶನಿವಾರ ಕುರಿಗಳ ಜೊತೆ ಕರಗುತ್ತಿತ್ತು. ಕೊನೆಗೆ ಕೋಲು ಸರಿಸಿದ.

“ನಮ್ಮವೆಲ್ಲಾ ಅವ. ಅಳಲಿಕತ್ತಿದ್ದು ನಿಮ್ಮದೇ ಇರಬೇಕು. ಹಾಲು ಕುಡಸ್ರಿ.”

೪. ಹತ್ತಿರ ಬಂದ ಉದಗೀರ

ಟಾಯರು ದೊಡ್ಡದಾದರೆ ಒಂದು ಸುತ್ತಿಗೆ ಹೆಚ್ಚು ದಾರಿ ಸಾಗುತ್ತದೆ. ಕಾರಿನ ಮೀಟರಿಗೆ ಅದು ತಿಳಿಯದು, ಅದು ಹಳೆಯ ಲೆಕ್ಕದಲ್ಲೇ ಎಣಿಸುತ್ತದೆ. ಹೀಗಾಗಿ ಉಮರ್ಗಾದಿಂದ ಉದಗೀರ ಮೀಟರಿನಲ್ಲಿ ನಾಲ್ಕೈದು ಕಿಲೋಮೀಟರ್ ಕಡಿಮೆ ಬರತೊಡಗಿತು. ಊಟಕ್ಕೆ ಕೂತಾಗ ಇದನ್ನು ಹೆಂಡತಿಗೆ ಹೇಳಿ ನಕ್ಕೆ. ಆಕೆ ನಗಲಿಲ್ಲ.

“ಊರು ಹತ್ತಿರ ಬಂದದ ಅಂದಮ್ಯಾಲ ಬುಧವಾರನೂ ಬರ್ಲಿಕ್ಕಿ ಏನಾಗ್ಯದ ನಿಮಗ?”

ಆ ಮಾತು ನನ್ನನ್ನು ಬಿಡಲಿಲ್ಲ. ಬುಧವಾರ ಅರ್ಧ ದಿನ ರಜೆ ಹಾಕಿ, ಆಕೆಗೆ ಹೇಳದೆ, ಆಕೆಗಿಷ್ಟವಾದ ಪೇರಲಹಣ್ಣು ಕಟ್ಟಿಸಿಕೊಂಡು ಹೊರಟೆ. ಹೋಗಿ ನೋಡಿದರೆ ಮನೆಗೆ ಬೀಗ. ಪಕ್ಕದ ಮನೆಯವರು, “ಸಿಸ್ಟರ್ ಮಧ್ಯಾಹ್ನದ ಬಸ್ಸಿಗಿ ಉಮರ್ಗಾಕ್ಕ ಹೋಗ್ಯಾರಲ್ರೀ” ಎಂದರು.

ಫೋನ್ ಮಾಡಿದೆ. ಆಕೆ ಉಮರ್ಗಾದಲ್ಲಿ ನನ್ನ ಮನೆಯ ಬೀಗದ ಮುಂದೆ ಹೋಳಿಗೆ ಡಬ್ಬಿ ಹಿಡಿದು ಕೂತಿದ್ದಳು.

“ಹೇಳದಂಗ ಕೇಳದಂಗ ಅಲ್ಲಿಗಿ ಯಾಕ ಹೋದಿ?”

“ನಿಮಗ ಉದಗೀರ ಹತ್ತಿರ ಆದ್ರ, ನಂಗ ಉಮರ್ಗಾ ಹತ್ತಿರ ಆಗಂಗಿಲ್ಲೇನು?”

ಮರುದಿನ ಬೆಳಿಗ್ಗೆ ಇಬ್ಬರಿಗೂ ಕೆಲಸ. ನಡುವಿನ ನಿಲಂಗಾದಲ್ಲಿ ಸೇರುವುದೆಂದಾಯಿತು. ಆಕೆ ಬಸ್ಸಿನಲ್ಲಿ ಬಂದಳು, ನಾನು ಕಾರಿನಲ್ಲಿ. ಬಸ್ ಸ್ಟ್ಯಾಂಡಿನ ಹೊರಗೆ ಕಾರಿನಲ್ಲೇ ಕೂತು ಹೋಳಿಗೆ ತಿಂದೆವು, ಪೇರಲ ತಿಂದೆವು. ಅಷ್ಟರಲ್ಲಿ ಉದಗೀರದ ಬಸ್ ಬಂತು. ಮನೆ ತನಕ ಬಿಟ್ಟು ಬರುತ್ತೇನೆ ಎಂದೆ. ಕತ್ತಲಲ್ಲಿ ನೀವೊಬ್ಬರೇ ಅಷ್ಟು ದೂರ ಮರಳುವುದು ಬೇಡ ಎಂದಳು.

ಇಳಿದವಳು ಬಸ್ಸಿನ ಕಡೆ ಹೋಗದೆ ಮುಂದಿನ ಟಾಯರಿನ ಹತ್ತಿರ ನಿಂತಳು. ಅದನ್ನೇ ನೋಡುತ್ತ ಕೇಳಿದಳು.

“ಇದಕ್ಕಿಂತ ದೊಡ್ಡವು ಸಿಗ್ತಾವೇನು ಕೇಳ್ರಿ ನಿಮ್ಮ ಶೇಠಗ. ಎರಡೂ ಮನಿ ಒಂದೇ ಆಗೂವಂಥವು.”