ಕುದುರೆಯ ಬಾಯಿಕುಕ್ಕೆ

ಕುದುರೆಯ ಬಾಯಿಗೆ ಕುಕ್ಕೆ ಕಟ್ಟಿದ್ದೇ ಎಲ್ಲ ರಗಳೆಗೂ ಮೂಲ.

ಕುದುರೆಯೆಂದರೆ ಪೂರ್ತಿ ಕುದುರೆಯಲ್ಲ, ಪೋನಿ. ಹೆಸರು ಫಿನ್. ಐರ್ಲೆಂಡಿನ ಕಾನೆಮಾರಾ ಎಂಬ ಕಲ್ಲುಗುಡ್ಡದ ಸೀಮೆಯಲ್ಲಿ ಗಾಳಿ ಕುಡಿದು, ಮುಳ್ಳು ಕಡಿದು ಬದುಕಿದ ವಂಶ ಅದರದು. ಅಂಥದ್ದನ್ನು ಇಲಿನಾಯ್‌ನ ಹುಲುಸಾದ ಹುಲ್ಲಿಗೆ ಬಿಟ್ಟರೆ ಒಂದೇ ತಿಂಗಳಿಗೆ ಪೀಪಾಯಿಯಂತಾಗಿ, ಗೊರಸು ಬಾತು, ಕುಂಟುತ್ತದೆ. ಅದಕ್ಕೇ ಮೇಯುವ ಹೊತ್ತಿನಲ್ಲಿ ಬಾಯಿಗೊಂದು ಕುಕ್ಕೆ. ಕುಕ್ಕೆಯ ತಳದಲ್ಲಿ ಒಂದೇ ತೂತು. ಆ ತೂತಿನಿಂದ ಬಂದಷ್ಟೇ ಹುಲ್ಲು ಅದರ ಪಾಲು.

"ಕಣದಲ್ಲಿ ಎತ್ತಿನ ಬಾಯಿಗೆ ಕಟ್ಟೋದು ನೋಡಿದೀನಿ. ಅದಾದ್ರೂ ಕೆಲಸ ಮುಗಿದ ಮೇಲೆ ಬಿಚ್ತಾರೆ. ಇದೇನ್ರೀ ಊಟಕ್ಕೆ ಕೂರಿಸಿ ಬಾಯಿ ಕಟ್ಟೋದು?" ಎಂದು ಮೊದಲ ದಿನವೇ ಆಬಿದಾ ಕಣ್ಣೊರೆಸಿಕೊಂಡಿದ್ದಳು.

"ರೂಲ್ಸ್ ಕಣೆ," ಎಂದಿದ್ದ ಖಾದರ್.

ರೂಲ್ಸು ಮಾಡಿದವಳು ಮೋರೀನ್. ಲೆಮಾಂಟ್‌ನ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಅವಳ ಕುದುರೆಲಾಯ. ವಯಸ್ಸು ಎಪ್ಪತ್ತು, ಮೈ ಬೇಲಿಯ ಕಂಬದಷ್ಟು ನೆಟ್ಟಗೆ. ಖಾದರನ ಮಗಳು ಯುಸ್ರಾ ಎರಡು ವರ್ಷದಿಂದ ಅಲ್ಲಿ ಲದ್ದಿ ಬಾಚಿ, ಬಕೆಟ್ ಹೊತ್ತು, ಹಿಮದಲ್ಲಿ ಕೈ ಒಡೆಸಿಕೊಂಡು ಸವಾರಿ ಕಲಿತಿದ್ದಳು. ಆ ಹುಡುಗಿಯ ಮುಖ ನೋಡಿ ಮೋರೀನ್ ಫಿನ್‌ನನ್ನು, ತನ್ನ ಲಾಯದಲ್ಲೇ ಇರಿಸಿಕೊಂಡು, ಅವಳಿಗೆ ಕೊಡಲು ಒಪ್ಪಿದ್ದಳು. ಆದರೆ ಒಂದು ಷರತ್ತು. ಮೂವತ್ತನೆಯ ದಿನ, ಮಧ್ಯಾಹ್ನ ಮೂರು ಗಂಟೆಗೆ, ಮೈಗೆ ಟೇಪು ಸುತ್ತಿ ತೂಕದ ಅಳತೆ. ಎಂಟುನೂರು ಪೌಂಡ್ ದಾಟಿದ್ದರೆ ಪೋನಿ ವಾಪಸ್.

"ಅಬ್ಬಾ, ಪ್ಲೀಸ್. ಡೋಂಟ್ ಫೀಡ್ ಹಿಮ್. ಎನಿಥಿಂಗ್. ಎವರ್," ಎಂದು ಯುಸ್ರಾ ಕೈ ಮುಗಿದು ಕೇಳಿಕೊಂಡಿದ್ದಳು. ಮೋರೀನ್ ಕೊಟ್ಟ ನಾಲ್ಕು ಪುಟಗಳ ಸೂಚನೆಯನ್ನು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದ್ದಳು. ಖಾದರ್ ಮೊದಲ ಪುಟ ಓದಿದ. ಅದರಲ್ಲೇ ಏಳು 'ಕೂಡದು'ಗಳಿದ್ದವು. ಉಳಿದ ಮೂರು ಪುಟ ಓದುವ ಧೈರ್ಯ ಬರಲಿಲ್ಲ.

ಅಷ್ಟಕ್ಕೂ ಕುದುರೆಯ ವಿಷಯ ಅವನಿಗೆ ಹೇಳಿಕೊಡುವುದೇನಿದೆ? ತುಮಕೂರಿನಲ್ಲಿ ಅವನ ತಾತ ಜಟಕಾ ಓಡಿಸುತ್ತಿದ್ದವರು. ರಾತ್ರಿ ನೆನೆಹಾಕಿದ ಹುರುಳಿಕಾಳು ತಿನ್ನದ ಕುದುರೆ ಕುದುರೆಯೇ ಅಲ್ಲ ಎಂಬುದು ಆ ಮನೆಯ ನಂಬಿಕೆ. ಖಾದರನಿಗೆ ಡೆಸ್ ಪ್ಲೇನ್ಸ್‌ನ ಸರಕು ಗೋದಾಮಿನಲ್ಲಿ ವಾರಕ್ಕೆ ಮೂರು ದಿನ ಮಧ್ಯಾಹ್ನದ ಶಿಫ್ಟು. ಆ ಮೂರು ಬೆಳಿಗ್ಗೆಗಳಲ್ಲಿ "ವಾಕಿಂಗ್ ಹೋಗಿ ಬರ್ತೀನಿ" ಎಂದು ಆಬಿದಾಗೆ ಹೇಳಿ, ಗ್ಲೆಂಡೇಲ್ ಹೈಟ್ಸ್‌ನ ಮನೆಯಿಂದ ಲಾಯಕ್ಕೆ ಇಪ್ಪತ್ತು ಮೈಲಿ ಡ್ರೈವ್ ಮಾಡಿ, ಜಾಕೆಟ್ಟಿನ ಜೇಬಿನಲ್ಲಿ ಹುರುಳಿ ತುಂಬಿಕೊಂಡು ಬರುತ್ತಿದ್ದ. ವಾಕಿಂಗ್ ಮಾಡಿ ಎಂದು ಡಾಕ್ಟರು ಹೇಳಿ ಮೂರು ವರ್ಷವಾಗಿತ್ತು. ಅವನ ಸಕ್ಕರೆ ಕಾಯಿಲೆಯೂ ಅವನ ಜತೆ ಕಾರಿನಲ್ಲೇ ಓಡಾಡುತ್ತಿತ್ತು.

ರಸ್ತೆಬದಿಯ ಹುಲ್ಲುಗಾವಲಿನಲ್ಲಿ ನಾಲ್ಕು ಕಂದು ಕುದುರೆಗಳ ನಡುವೆ ಬೆಳ್ಳಗಿದ್ದದ್ದು ಒಂದೇ. ಖಾದರನ ಕಾರಿನ ಸದ್ದು ಕೇಳಿದರೆ ಸಾಕು, ಬೇಲಿಯವರೆಗೆ ಓಡಿ ಬಂದು ಜೇಬಿಗೆ ಮೂಗು ತುರುಕುತ್ತಿತ್ತು. ಆಗ ಬಾಯಲ್ಲಿ ಕುಕ್ಕೆಯೂ ಇರುತ್ತಿರಲಿಲ್ಲ. ಬೆಳಿಗ್ಗೆ ಬಿಚ್ಚಿರುತ್ತಾರೆ, ಮಧ್ಯಾಹ್ನ ಕಟ್ಟುತ್ತಾರೆ ಎಂದುಕೊಂಡ. ಗೋದಾಮಿನ ಮ್ಯಾನೇಜರನ ಕಾಟ, ಮೊಣಕಾಲಿನ ನೋವು, ಎಲ್ಲವನ್ನೂ ಅದರ ಕಿವಿಯಲ್ಲಿ ಹೇಳಿಕೊಂಡು ಹಗುರಾಗುತ್ತಿದ್ದ.

ವಿಚಿತ್ರವೆಂದರೆ, ಸಂಜೆ ಯುಸ್ರಾ ಜತೆ ಹೋದಾಗ ಅದೇ ಪ್ರಾಣಿ ಇವನನ್ನು ವೀಸಾ ಆಫೀಸರನಂತೆ ನೋಡುತ್ತಿತ್ತು. ಗುರುತೇ ಇಲ್ಲ. 'ಭಲೇ ಜಾಣ, ಮಗಳ ಮುಂದೆ ನಮ್ಮ ಗುಟ್ಟು ಬಿಟ್ಟುಕೊಡಲ್ಲ' ಎಂದು ಖಾದರ್ ಒಳಗೊಳಗೇ ಮೆಚ್ಚಿಕೊಂಡ.

ಮೂವತ್ತನೆಯ ದಿನ ಶನಿವಾರ ಬಂತು. ಯುಸ್ರಾಗೆ ಕಾಲೇಜಿನ ಪ್ರವೇಶ ಪರೀಕ್ಷೆ, ಒಂದೂವರೆಗೆ ಮುಗಿಯುವುದು. ಮೋರೀನ್ ಶನಿವಾರ ಬೆಳಿಗ್ಗೆ ಒಣಹುಲ್ಲು ತರಲು ಟ್ರಕ್ ಹೊಡೆದುಕೊಂಡು ಹೋಗುವವಳು. ಖಾದರ್ ಆಬಿದಾಳ ಹೊಲಿಗೆ ಡಬ್ಬಿಯಿಂದ ಅಳತೆ ಟೇಪು ಕದ್ದು ಹತ್ತು ಗಂಟೆಗೆ ಲಾಯ ಸೇರಿದ. ಮೊದಲೇ ಒಮ್ಮೆ ಅಳೆದುಬಿಟ್ಟರೆ ನೆಮ್ಮದಿ.

ಮೋರೀನ್‌ಳ ಕುದುರೆಗಳೆಲ್ಲ ಚಳಿಗೆ ಹಸಿರು ಹೊದಿಕೆ ಹೊದ್ದಿದ್ದವು. ಖಾದರ್ ಬಿಳಿಯದರ ಹೊದಿಕೆಯಡಿ ಕೈ ತೂರಿಸಿ, ಎದೆಯ ಸುತ್ತ ಟೇಪು ಸುತ್ತಿದ. ಅರವತ್ತು ಇಂಚಿಗೆ ಟೇಪು ಮುಗಿಯಿತು. ಕುದುರೆ ಇನ್ನೂ ಉಳಿದಿತ್ತು.

"ರೀ!"

ಬೆನ್ನ ಹಿಂದೆ ಆಬಿದಾ. ಕೈಯಲ್ಲಿ ಚಪಾತಿ ಡಬ್ಬಿ.

"ನೀವಿಲ್ಲಿ ಏನ್ ಮಾಡ್ತಿದೀರಾ? ವಾಕಿಂಗ್ ಅಂದ್ರಿ?"

"ನೀನೇನ್ ಮಾಡ್ತಿದೀಯಾ? ಯುಸ್ರಾನ ಎಕ್ಸಾಮ್‌ಗೆ ಬಿಟ್ಟು ಮನೆಗೆ ಹೋಗ್ತೀನಿ ಅಂದೆ?"

"ಸುಮ್ನೆ ಹಂಗೇ ಈ ಕಡೆ..."

"ಇಪ್ಪತ್ತು ಮೈಲಿ ಸುಮ್ನೆ ಬರ್ತಾರಾ? ಡಬ್ಬಿ ತೆಗಿ."

ಡಬ್ಬಿಯಲ್ಲಿ ಬೆಲ್ಲ ಸವರಿ ಸುರುಳಿ ಸುತ್ತಿದ ಆರು ಚಪಾತಿ. ಬಿಳಿಯದು ಅವುಗಳನ್ನು ಕಂಡು ಹಳೆಯ ಗೆಳತಿಯನ್ನು ಕಂಡಂತೆ ಕೆನೆಯಿತು.

"ಎಷ್ಟು ದಿನದಿಂದ?" ಎಂದ ಖಾದರ್.

"ವಾರಕ್ಕೆ ಎರಡೇ ಸಲ. ಮನೆಗೆ ಬಂದ ಜೀವ ಹಸ್ಕೊಂಡಿದ್ರೆ ನನ್ ಗಂಟಲಲ್ಲಿ ಅನ್ನ ಇಳಿಯುತ್ತಾ? ನಿಮ್ ಜೇಬಲ್ಲಿ ಏನದು ಉಬ್ಬಿರೋದು?"

ಖಾದರ್ ಜೇಬಿಗೆ ಕೈ ಅಡ್ಡ ಹಿಡಿದ. ಅಷ್ಟರಲ್ಲಿ ಪೋನಿಯೇ ಅದರೊಳಗೆ ಮೂತಿ ಹಾಕಿ, ಬಾಯಿ ತುಂಬ ಹುರುಳಿಯೊಂದಿಗೆ ಸಾಕ್ಷಿ ನುಡಿಯಿತು.

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡುತ್ತ ನಿಂತಿರುವಾಗಲೇ ಜಲ್ಲಿಕಲ್ಲಿನ ದಾರಿಯಲ್ಲಿ ಒಂದು ನೀಲಿ ಕಾರು ಬಂತು. ಪಕ್ಕದ ಮನೆಯ ಶ್ರೀಧರ್. ಹಿಂದಿನ ಸೀಟಿನಿಂದ ಅವನ ತಾಯಿ ಅನುಸೂಯಮ್ಮ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೇರ ಬೇಲಿಯತ್ತ ನಡೆದರು.

"ಬಂದೆ ಕಣೇ ತಾಯಿ, ಬಂದೆ! ಕಾದಿದ್ಯಾ?" ಎಂದು ಬಾಳೆಹಣ್ಣು ಚಾಚಿದವರು ಖಾದರನನ್ನು ಕಂಡು ಅರ್ಧಕ್ಕೇ ನಿಂತರು. "ಅಯ್ಯೋ, ನೀನಿದೀಯೇನಪ್ಪ?"

"ಅಮ್ಮಾ, ನೀವೂನಾ?"

"ನನ್ನೇನ್ ಮಾಡು ಅಂತೀಯಪ್ಪ? ಮೈಸೂರಲ್ಲಿ ದೇವಸ್ಥಾನದಿಂದ ಬಂದ ಮೇಲೆ ಹಸುಗೆ ಒಂದು ಹಣ್ಣಾದ್ರೂ ಕೊಡದೆ ನಾನು ಕಾಫಿ ಕುಡಿದವಳಲ್ಲ. ಈ ದೇಶಕ್ಕೆ ಬಂದು ಆರು ವರ್ಷ ಆಯ್ತು. ಹಸು ಅಂತ ನೋಡಿದ್ದು ಹಾಲಿನ ಡಬ್ಬದ ಮೇಲೆ. ನೀನು ಕುದುರೆ ತಗೊಂಡೆ ಅಂತ ಕೇಳಿ ಎಷ್ಟು ಸಂತೋಷ ಆಯ್ತು ಗೊತ್ತಾ? ತಾಯಿ, ತಿನ್ನು."

"ಅಮ್ಮಾ, ಅದು ಗಂಡು."

"ಗಂಡಾ?" ಅನುಸೂಯಮ್ಮ ಪೋನಿಯ ಮುಖವನ್ನೇ ದಿಟ್ಟಿಸಿದರು. "ನಂಗ್ಯಾಕೋ ಹಂಗನ್ನಿಸಲ್ಲಪ್ಪ."

ಶ್ರೀಧರ್ ಕಾರಿನಿಂದಲೇ ಕೈಯೆತ್ತಿದ. "ನಾನು ಬರೀ ಡ್ರೈವರ್ ಮಾರಾಯ. ನನ್ನ ಕೇಳ್ಬೇಡ."

ಆದರೆ ಅವನು ಎಂಜಿನಿಯರ್, ಲೆಕ್ಕ ಎಂದರೆ ಸುಮ್ಮನಿರಲಾರ. ಕಾರಿನ ಡಿಕ್ಕಿಯಿಂದ ಕಬ್ಬಿಣದ ಟೇಪೂ ದಾರವೂ ಬಂದವು. ಎದೆಯ ಸುತ್ತಳತೆ ಎಪ್ಪತ್ತನಾಲ್ಕು, ಉದ್ದ ಐವತ್ತೇಳು. ಫೋನಿನಲ್ಲಿ ಸೂತ್ರ ಹುಡುಕಿ ಒತ್ತಿದ.

"ಒಂಬೈನೂರ ನಲವತ್ತೈದು ಪೌಂಡ್."

ಪೋನಿ ಬಾಳೆಹಣ್ಣಿನ ಸಿಪ್ಪೆ ಅಗಿಯುತ್ತಿತ್ತು.

"ನೂರಾ ನಲವತ್ತೈದು ಇಳಿಸ್ಬೇಕು," ಎಂದ ಶ್ರೀಧರ್. "ಐದು ಗಂಟೆ ಟೈಮಿದೆ. ಅಂದ್ರೆ ಗಂಟೆಗೆ ಇಪ್ಪತ್ತೊಂಬತ್ತು."

"ಆಗುತ್ತೇನೋ?" ಎಂದ ಖಾದರ್, ಮುಳುಗುವವನು ಸೋಪಿನ ನೊರೆ ಹಿಡಿದಂತೆ.

"ಓಡಿಸ್ಬೇಕು. ನೀರು ಕೊಡಬಾರದು. ಈಗ್ಲಿಂದ ಉಪವಾಸ."

"ಬಿಡ್ತು ಅನ್ನು!" ಎಂದರು ಅನುಸೂಯಮ್ಮ.

ಖಾದರ್ ಹಗ್ಗ ಹಾಕಿ ಪೋನಿಯನ್ನು ಹೊರಗೆ ತಂದ. ದಾರಿಯ ಈ ತುದಿಯಿಂದ ಆ ತುದಿಗೆ ಕಾಲು ಮೈಲಿ. ಮೊದಲ ಸುತ್ತಿನಲ್ಲಿ ಖಾದರ್ ಅದನ್ನು ಎಳೆದ. ಎರಡನೆಯದರಲ್ಲಿ ಅದು ಖಾದರನನ್ನು ಎಳೆಯಿತು. ಐದನೆಯ ಸುತ್ತಿಗೆ ಖಾದರನ ಅಂಗಿ ಬೆನ್ನಿಗಂಟಿತ್ತು. ಪೋನಿಯ ಮೇಲೆ ಒಂದು ಹನಿ ಬೆವರಿಲ್ಲ. ಮದುವೆ ಮೆರವಣಿಗೆಯಲ್ಲಿ ಬಂದಂತೆ ತಲೆಯೆತ್ತಿ ನಡೆಯುತ್ತಿತ್ತು.

"ನೀನೇ ಇಳೀತಿದೀಯಾ ಕಣೋ, ಅದಲ್ಲ," ಎಂದು ಶ್ರೀಧರ್ ಬೇಲಿಯ ಮೇಲೆ ಕೂತು ಕೂಗಿದ.

ಹನ್ನೊಂದನೆಯ ಸುತ್ತಿನಲ್ಲಿ ಖಾದರ್ ಶೂ ಲೇಸು ಕಟ್ಟಲು ಬಗ್ಗಿದ. ಹಗ್ಗ ಸಡಿಲವಾಯಿತು. ಎದ್ದು ನೋಡುವಷ್ಟರಲ್ಲಿ ಪೋನಿಯ ಅರ್ಧ ದೇಹ ನೀಲಿ ಕಾರಿನ ಕಿಟಕಿಯ ಹೊರಗೆ, ಉಳಿದರ್ಧ ಒಳಗೆ. ಹಿಂದಿನ ಸೀಟಿನಲ್ಲಿ ದೇವಸ್ಥಾನದ ಪ್ರಸಾದವಿತ್ತು. ನಾಲ್ವರೂ ಸೇರಿ ಬಾಲ, ಹಗ್ಗ, ಹೊದಿಕೆ, ಸಿಕ್ಕಿದ್ದನ್ನು ಹಿಡಿದೆಳೆದರು. ಹೊರಬಂದ ಮುಖಕ್ಕೆ ಗಲ್ಲದ ತನಕ ಸಿಹಿ ಪೊಂಗಲ್ ಮೆತ್ತಿತ್ತು. ಹನ್ನೆರಡು ಬಾಳೆಹಣ್ಣು ನಾಪತ್ತೆ. ತೆಂಗಿನಕಾಯಿಯನ್ನು ಮಾತ್ರ ನಾಳೆಗೆಂದು ಉಳಿಸಿತ್ತು.

"ಒಂಬೈನೂರ ಐವತ್ತು," ಎಂದ ಶ್ರೀಧರ್, ಸೀಟು ಒರೆಸುತ್ತ.

ಆಬಿದಾ ಮಗಳನ್ನು ಕರೆತರಲು ಹೊರಟಳು. ಕಾರಿನ ಬಾಗಿಲು ಹಾಕುವ ಮುಂಚೆ ಹೇಳಿದಳು: "ನಂಗೆ ಅವಳಿಗೆ ಹೇಳೋಕೆ ಧೈರ್ಯ ಇಲ್ಲರೀ. ನೀವೇ ಹೇಳಿ."

ಖಾದರ್ ದಾರಿಯ ಬದಿಯ ಹುಲ್ಲಿನಲ್ಲಿ ಕೂತ. ಹೋದ ಜನವರಿಯಲ್ಲಿ, ಹೊರಗೆ ಮೈನಸ್ ನಾಲ್ಕು ಡಿಗ್ರಿ ಇದ್ದ ಬೆಳಿಗ್ಗೆ, ಯುಸ್ರಾ ನೀರಿನ ಬಕೆಟ್ಟಿನ ಮಂಜುಗಡ್ಡೆ ಒಡೆಯುತ್ತಿದ್ದುದನ್ನು ಕಾರಿನ ಹೀಟರ್ ಮುಂದೆ ಕೂತು ನೋಡಿದ್ದ. 'ಮನೆಗೆ ಹೋಗೋಣ ಬಾಮ್ಮ' ಎಂದಾಗ ಅವಳು 'ಒನ್ ಮೋರ್, ಅಬ್ಬಾ' ಎಂದು ನಕ್ಕಿದ್ದಳು. ಈಗ ಆ ಎರಡು ವರ್ಷವನ್ನು ಅವನು ಒಂದು ತಿಂಗಳಲ್ಲಿ, ಮುಷ್ಟಿ ಮುಷ್ಟಿಯಾಗಿ, ಹುರುಳಿಯ ರೂಪದಲ್ಲಿ ಖರ್ಚು ಮಾಡಿಬಿಟ್ಟಿದ್ದ. ಪೋನಿ ಬಂದು ಅವನ ಹೆಗಲ ಮೇಲೆ ಗಲ್ಲವಿಟ್ಟಿತು. "ನೀನಾದ್ರೂ ಬೇಡ ಅನ್ಬಾರ್ದಿತ್ತಾ?" ಎಂದು ಅದನ್ನೇ ಕೇಳಿದ.

ಮೂರಕ್ಕೆ ಐದು ನಿಮಿಷ. ಆಬಿದಾಳ ಕಾರೂ ಮೋರೀನ್‌ಳ ಟ್ರಕ್ಕೂ ಒಟ್ಟಿಗೇ ಬಂದವು. ಖಾದರ್ ಗಾಬರಿಯಲ್ಲಿ ಪೋನಿಯನ್ನು ನೀಲಿ ಕಾರಿನ ಹಿಂದೆ ಎಳೆದುಕೊಂಡ. ಕಾರು ಅದರ ಹೊಟ್ಟೆಯನ್ನಷ್ಟೇ ಮುಚ್ಚಿತು. ತಲೆ ಮೇಲೆ ಇಣುಕುತ್ತಿತ್ತು. ಮೋರೀನ್ ಆ ಕಡೆ ತಿರುಗಿಯೂ ನೋಡದೆ, ಯುಸ್ರಾಳ ಹೆಗಲಿಗೆ ಕೈ ಹಾಕಿ, ಲಾಯದೊಳಕ್ಕೆ ನಡೆದುಬಿಟ್ಟಳು.

'ಇನ್ನು ಓಡಿ ಪ್ರಯೋಜನವಿಲ್ಲ, ಒಪ್ಪಿಕೊಳ್ಳಬೇಕು' ಎಂದುಕೊಂಡ ಖಾದರ್ ಹಗ್ಗ ಹಿಡಿದು ಮುಂದೆ ಬಂದ. ಬಾಯಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಲಾಯದ ಒಳಗಿಂದ ಮೋರೀನ್‌ಳ ದನಿ ಗಂಟೆ ಹೊಡೆದಂತೆ ಕೇಳಿತು.

"ಏಳುನೂರ ಎಂಬತ್ತೆರಡು!"

ಬಾಗಿಲಿನಿಂದ ಯುಸ್ರಾ ಕುಣಿಯುತ್ತ ಬಂದಳು. ಅವಳ ಹಿಂದೆ, ಬಳುಕುವ ಸೊಂಟದ, ತೆಳ್ಳನೆಯ ಬಿಳಿ ಪೋನಿಯೊಂದನ್ನು ಹಿಡಿದು ಮೋರೀನ್. "ನಲವತ್ತು ವರ್ಷದಲ್ಲಿ ಎಷ್ಟೋ ಹೊಸ ಮಾಲೀಕರನ್ನು ನೋಡಿದ್ದೇನೆ, ಮಿಸ್ಟರ್ ಖಾದರ್. ಇಂಥ ಶಿಸ್ತು ಎಲ್ಲೂ ಕಂಡಿಲ್ಲ. ಫಿನ್ ಇನ್ನು ನಿಮ್ಮವನು."

ಖಾದರ್ ಫಿನ್‌ನನ್ನು ನೋಡಿದ. ಫಿನ್ ಅವನನ್ನು ವೀಸಾ ಆಫೀಸರನಂತೆ ನೋಡಿತು. ಖಾದರ್ ನಿಧಾನವಾಗಿ ತನ್ನ ಕೈಯಲ್ಲಿದ್ದ ಹಗ್ಗವನ್ನು, ಹಗ್ಗದ ಇನ್ನೊಂದು ತುದಿಯನ್ನು ನೋಡಿದ.

ಮೋರೀನ್ ಕೂಡ ನೋಡಿದಳು. "ನನ್ನ ಕ್ವೀನಿಯನ್ನು ಯಾಕೆ ಹಿಡಿದುಕೊಂಡಿದ್ದೀರಿ? ಅವಳ ಮುಖಕ್ಕೇನು ಅದು?"

"ಪ್ರಸಾದ," ಎಂದರು ಅನುಸೂಯಮ್ಮ.

ಕ್ವೀನಿ ಫಿನ್‌ನ ತಾಯಿ. ಕೆಲಸದಿಂದ ನಿವೃತ್ತಿಯಾಗಿ ರಸ್ತೆಬದಿಯ ಹುಲ್ಲುಗಾವಲಿನಲ್ಲಿ ಆರಾಮವಾಗಿದ್ದವಳು. ಫಿನ್ ಬೆಳಿಗ್ಗೆಯೆಲ್ಲ ಹಿಂದಿನ ಹುಲ್ಲಿಲ್ಲದ ಮಣ್ಣಂಗಳದಲ್ಲಿರುತ್ತಾನೆ. ಸಂಜೆ ಉಳಿದವೆಲ್ಲ ಒಳಗೆ ಹೋದ ಮೇಲೆ ಎರಡು ಗಂಟೆ, ಕುಕ್ಕೆ ಕಟ್ಟಿಕೊಂಡು, ಹುಲ್ಲಿಗೆ ಬರುತ್ತಾನೆ.

"ಪೇಜ್ ತ್ರೀ, ಅಬ್ಬಾ," ಎಂದಳು ಯುಸ್ರಾ. "ಇಟ್ಸ್ ಆನ್ ಪೇಜ್ ತ್ರೀ. ಆಂಡ್ ಶೀ ಇಸ್ ಎ ಗರ್ಲ್! ಹೌ ಡಿಡ್ ಯೂ ನಾಟ್ ನೋ?"

"ಬಗ್ಗಿ ನೋಡೋದು ಮರ್ಯಾದೆ ಅಲ್ಲ ಅಂತ..." ಎಂದ ಖಾದರ್.

"ನಾನು ಹೇಳ್ಲಿಲ್ವಾ?" ಎಂದರು ಅನುಸೂಯಮ್ಮ ಎಲ್ಲರಿಗೂ.

ಯುಸ್ರಾ ಸಿಟ್ಟು ಮಾಡುತ್ತಾಳೆಂದು ಖಾದರ್ ಕಾದ. ಅವಳು ಫಿನ್‌ನ ಕುತ್ತಿಗೆ ತಬ್ಬಿಕೊಂಡು, ಮುಖ ಅದರ ಜೂಲಿನಲ್ಲಿ ಮುಚ್ಚಿ, ಹೆಗಲು ಕುಲುಕುವಂತೆ ನಗುತ್ತಿದ್ದಳು. ಆ ನಗು ಕೇಳಿದ್ದಕ್ಕೆ ಒಂಬೈನೂರ ಐವತ್ತು ಪೌಂಡೂ ಸಾರ್ಥಕವೆನಿಸಿತು.

ಮೋರೀನ್‌ಗೆ ಹಾಗೆನಿಸಲಿಲ್ಲ. ಕ್ವೀನಿ ಯಾಕೆ ಊದಿಕೊಳ್ಳುತ್ತಿದ್ದಾಳೆಂದು ತಿಳಿಯದೆ ಒಂದು ತಿಂಗಳಲ್ಲಿ ಮೂರು ಸಲ ಪಶುವೈದ್ಯರನ್ನು ಕರೆಸಿದ್ದಳಂತೆ. ಮೂವರ ತಪ್ಪೊಪ್ಪಿಗೆಯನ್ನೂ, ಹುರುಳಿ, ಚಪಾತಿ, ಹಣ್ಣು ಎಂದು ಒಂದೊಂದಾಗಿ ಕೇಳಿದಳು. ಆಮೇಲೆ ತೀರ್ಪು ಕೊಟ್ಟಳು. ಫಿನ್ ಯುಸ್ರಾಳದೇ. ಆದರೆ ಕ್ವೀನಿ ಮೊದಲಿನ ತೂಕಕ್ಕೆ ಬರುವ ತನಕ, ಪ್ರತಿ ಬೆಳಿಗ್ಗೆ ಆರು ಗಂಟೆಗೆ, ಮಳೆಯಿರಲಿ ಹಿಮವಿರಲಿ, ಮಿಸ್ಟರ್ ಖಾದರ್ ಅವಳನ್ನು ನಾಲ್ಕು ಮೈಲಿ ನಡೆಸಬೇಕು. ಕಾಲ್ನಡಿಗೆಯಲ್ಲಿ.

"ಎಷ್ಟು ದಿನ?" ಎಂದ ಖಾದರ್.

"ಮುಂದಿನ ಬೇಸಿಗೆಯವರೆಗೆ."

ಆಬಿದಾಳ ಮುಖ ಮೂರು ವರ್ಷದಲ್ಲಿ ಮೊದಲ ಸಲ ಹೀಗೆ ಅರಳಿತು. ಡಾಕ್ಟರು ಬರೆದುಕೊಟ್ಟೂ ಆಗದ್ದು ಇವತ್ತು ಆಗಿಹೋಗಿತ್ತು.

ಮೋರೀನ್ ಒಳಗಿನಿಂದ ಹೊಸದೊಂದು ಬಾಯಿಕುಕ್ಕೆ ತಂದು ಕ್ವೀನಿಗೆ ಕಟ್ಟಿದಳು. ಕ್ವೀನಿ ಕುಕ್ಕೆಯ ಸಮೇತ ಮೂತಿಯನ್ನು ಖಾದರನ ಜೇಬಿಗೆ ತುರುಕಿತು. ಖಾದರ್ ಅದರ ಹಣೆ ಸವರಿದ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಇನ್ನೊಂದು ಕೈ ತಾನಾಗಿ ಆಬಿದಾಳ ಡಬ್ಬಿಯತ್ತ ಹೋಗಿ, ಬೆಲ್ಲದ ಚಪಾತಿಯೊಂದನ್ನು ಹಿಡಿದುಕೊಂಡಿತು.

ಆಬಿದಾ ಡಬ್ಬಿಯ ಮುಚ್ಚಳ ಹಾಕಿ, ಮೋರೀನ್‌ಳತ್ತ ತಿರುಗಿ, ತನಗೆ ಬರುವ ಇಂಗ್ಲಿಷಿನಲ್ಲಿ ಬಹಳ ವಿನಯದಿಂದ ಕೇಳಿದಳು:

"ಮೇಡಮ್, ಈ ಕುಕ್ಕೆ ಇವರ ಸೈಜಿಗೂ ಸಿಗುತ್ತಾ?"